ಡೇಟಾ ಬೆಳೆಯುತ್ತಿದೆ ಸರಿ, ಊರಿನ ಕಂಪ್ಯೂಟರ್ ಅಂಗಡಿಗೆ ಅದರಲ್ಲಿ ಏನಿದೆ?

ನೀವು ಕೇಳಿರೋದು ಇಷ್ಟು: ದಾವಣಗೆರೆಯಲ್ಲಿ ಕಂಪ್ಯೂಟರ್ ಸೇಲ್ಸ್ ಮತ್ತು ಸರ್ವಿಸ್ ಅಂಗಡಿ ಇದೆ, ಎಲ್ಲರ ಹತ್ತಿರವೂ ಡೇಟಾ ಜಾಸ್ತಿ ಆಗುತ್ತಿದೆ, ಸ್ಟೋರೇಜ್ ವ್ಯವಹಾರದಲ್ಲಿ ನಮ್ಮಂಥ ಸಣ್ಣವರಿಗೆ ಏನಾದರೂ ಸಿಗುತ್ತಾ ಅಥವಾ ಪೂರ್ತಿ ಕ್ಲೌಡ್ ಕಂಪನಿಗಳ ಪಾಲಾ?

ಸಿಗುತ್ತದೆ. ಆದರೆ ಡಿಸ್ಕ್ ಮಾರಿ ಸಿಗೋದಿಲ್ಲ. ನಾನು ಹುಬ್ಬಳ್ಳಿಯಲ್ಲಿ ಇದೇ ಕೆಲಸ ಮಾಡುತ್ತೇನೆ. 4 ಟಿಬಿ (ಒಂದು ಟಿಬಿ ಅಂದರೆ ಸಾವಿರ ಜಿಬಿ) ಡಿಸ್ಕಿಗೆ ರೇಟ್ ಹೇಳಿ ಮುಗಿಸುವಷ್ಟರಲ್ಲಿ ಗಿರಾಕಿ ಮೊಬೈಲ್ ತೆಗೆದು ಆನ್‌ಲೈನ್ ರೇಟ್ ತೋರಿಸುತ್ತಾರೆ. ಬೆಂಗಳೂರಿನ ಕಂಪ್ಯೂಟರ್ ಮಾರುಕಟ್ಟೆ ಎಸ್.ಪಿ. ರೋಡಿನಿಂದ ತರಿಸಿದರೂ ಉಳಿಯೋದು ಪುಡಿಗಾಸು. ಎಷ್ಟು ಜಾಗ ಬೇಕು ಅಂತ ಲೆಕ್ಕ ಹಾಕಿಕೊಡುವುದು, ದಿನಾ ಬ್ಯಾಕಪ್ ಆಗುತ್ತಿದೆಯಾ ಅಂತ ನೋಡಿಕೊಳ್ಳುವುದು, ಡೇಟಾ ಹೋದ ದಿನ ಅದನ್ನು ವಾಪಸ್ ತಂದುಕೊಡುವುದು: ಜನ ದುಡ್ಡು ಕೊಡೋದು ಇದಕ್ಕೆ.

ಸಿಸಿಟಿವಿಯಿಂದ ಶುರು ಮಾಡಿ. ನಮ್ಮ ರಾಜ್ಯದಲ್ಲಿ ಸಾರ್ವಜನಿಕ ಸುರಕ್ಷತೆಗೆ ಅಂತ 2017ರ ಒಂದು ಕಾಯ್ದೆ ಇದೆ. ಒಂದೇ ಹೊತ್ತಿಗೆ 100 ಜನ ಅಥವಾ ದಿನಕ್ಕೆ 500 ಜನ ಬರುವಂಥ ಜಾಗದಲ್ಲಿ ಕ್ಯಾಮೆರಾ ಇರಬೇಕು, 30 ದಿನದ ರೆಕಾರ್ಡಿಂಗ್ ಇಟ್ಟಿರಬೇಕು. ಈಗ ಲೆಕ್ಕ ನೋಡಿ. ಒಂದು ಕ್ಯಾಮೆರಾ ಸೆಕೆಂಡಿಗೆ 4 ಮೆಗಾಬಿಟ್‌ನಂತೆ ಬರೆದರೆ ದಿನಕ್ಕೆ ಸುಮಾರು 43 ಜಿಬಿ. 16 ಕ್ಯಾಮೆರಾ, 30 ದಿನ ಅಂದರೆ 20 ಟಿಬಿ ದಾಟುತ್ತದೆ. ವಿಡಿಯೋವನ್ನು ಇನ್ನಷ್ಟು ಕುಗ್ಗಿಸುವ ಎಚ್.265 ವಿಧಾನ ಹಾಕಿ 2 ಮೆಗಾಬಿಟ್‌ಗೆ ಇಳಿಸಿದರೂ 10 ಟಿಬಿ ಬೇಕೇ ಬೇಕು. ಕ್ಯಾಮೆರಾ ಹಾಕಿ ಹೋದವರು ಡಿವಿಆರ್ (ರೆಕಾರ್ಡಿಂಗ್ ಬಾಕ್ಸ್) ಒಳಗೆ ಕೂರಿಸಿರೋದು ಎಷ್ಟೋ ಕಡೆ 2 ಟಿಬಿ ಡಿಸ್ಕ್. ವಾರ ತುಂಬುವ ಮೊದಲೇ ಹಳೆಯದರ ಮೇಲೆ ಹೊಸದು ಬರೆದುಕೊಂಡು ಹೋಗುತ್ತಿರುತ್ತದೆ, ಓನರ್‌ಗೆ ಗೊತ್ತೇ ಇರುವುದಿಲ್ಲ.

ಆದ್ದರಿಂದ ಕಲ್ಯಾಣ ಮಂಟಪಕ್ಕೋ ದೊಡ್ಡ ಬಟ್ಟೆ ಅಂಗಡಿಗೋ ಹೋದಾಗ ಕ್ಯಾಟಲಾಗ್ ಬಿಚ್ಚಬೇಡಿ. 'ಸರ್, ಹೋದ ತಿಂಗಳು ಇದೇ ತಾರೀಖಿನ ಪ್ಲೇಬ್ಯಾಕ್ ಒಂದ್ಸಲ ತೋರಿಸ್ತೀರಾ?' ಅಂತ ಕೇಳಿ. ಮ್ಯಾನೇಜರ್ ಮೌಸ್ ಹುಡುಕಿ, ಪಾಸ್‌ವರ್ಡ್ ಯಾರಿಗೋ ಫೋನ್ ಮಾಡಿ ಕೇಳಿ, ಕೊನೆಗೆ ಕ್ಯಾಲೆಂಡರ್ ತೆರೆಯುತ್ತಾರೆ. ರೆಕಾರ್ಡಿಂಗ್ ಇರುವ ತಾರೀಖುಗಳಿಗೆ ಮಾತ್ರ ಗುರುತು ಇರುತ್ತದಲ್ವಾ, ಆ ಗುರುತು ಐದಾರು ದಿನಕ್ಕೇ ನಿಂತಿರುತ್ತದೆ. ಆಮೇಲೆ ನೀವು ಜಾಸ್ತಿ ಮಾತಾಡುವ ಕೆಲಸ ಇಲ್ಲ. ಡಿವಿಆರ್‌ನ ಟೈಮ್ ಹಿಂದೆ ಮುಂದೆ ಆಗಿರುವುದೂ ಮಾಮೂಲಿ. ಅದನ್ನು ಅಲ್ಲೇ ಸರಿ ಮಾಡಿಕೊಟ್ಟು ಬನ್ನಿ, ದುಡ್ಡು ಕೇಳಬೇಡಿ.

ಎರಡನೆಯದು ಮದುವೆ ಫೋಟೋ ಸ್ಟುಡಿಯೋಗಳು. ನನಗೆ ಇಷ್ಟವಾದ ಗಿರಾಕಿಗಳು ಇವರೇ. 4ಕೆ ವಿಡಿಯೋವನ್ನು ಸೆಕೆಂಡಿಗೆ 100 ಮೆಗಾಬಿಟ್‌ನಲ್ಲಿ ತೆಗೆದರೆ ಒಂದು ಕ್ಯಾಮೆರಾಗೆ ಗಂಟೆಗೆ 45 ಜಿಬಿ. ಹಿಂದಿನ ದಿನದ ರಿಸೆಪ್ಷನ್, ಬೆಳಿಗ್ಗೆ ಮುಹೂರ್ತ, ಎರಡು ಮೂರು ಕ್ಯಾಮೆರಾ, ಮೇಲೊಂದು ಡ್ರೋನ್. ಸೀಸನ್ನಿನಲ್ಲಿ ಏನಾಗುತ್ತೆ ಅಂತ ನೀವೇ ಲೆಕ್ಕ ಹಾಕಿ. ಅವರ ಟೇಬಲ್ ಡ್ರಾಯರ್ ಎಳೆದರೆ ಎಕ್ಸ್‌ಟರ್ನಲ್ ಡಿಸ್ಕ್‌ಗಳ ರಾಶಿ. ಒಂದೊಂದಕ್ಕೂ ಬಿಳಿ ಟೇಪು, ಟೇಪಿನ ಮೇಲೆ ಮಾರ್ಕರ್‌ನಲ್ಲಿ ಗಂಡು ಹೆಣ್ಣಿನ ಹೆಸರು, ಒಂದೆರಡರ ಮೇಲೆ 'ಆಲ್ಬಂ ಬಾಕಿ, ಡಿಲೀಟ್ ಮಾಡಬೇಡಿ'. ಎಲ್ಲಾ ಒಂದೇ ಕಾಪಿ. ಒಂದು ಕೆಳಗೆ ಬಿದ್ದರೆ ಆ ಮದುವೆ ಮತ್ತೆ ನಡೆಸೋಕಾಗುತ್ತಾ?

ಇವರಿಗೆ ನಾಲ್ಕು ಡಿಸ್ಕ್ ಹಿಡಿಯುವ ನ್ಯಾಸ್ ಬಾಕ್ಸ್ (ಆಫೀಸಿನ ಎಲ್ಲಾ ಕಂಪ್ಯೂಟರಿಗೂ ನೆಟ್‌ವರ್ಕ್ ಮೂಲಕ ಸಿಗುವ ಸ್ಟೋರೇಜ್) ಕೊಡಬಹುದು. 4 ಟಿಬಿಯ ನಾಲ್ಕು ಡಿಸ್ಕ್ ಹಾಕಿ ರೇಡ್ 5 (ಒಂದು ಡಿಸ್ಕಿನಷ್ಟು ಜಾಗವನ್ನು ರಕ್ಷಣೆಗೆ ಬಿಡುವ ಜೋಡಣೆ) ಮಾಡಿದರೆ 12 ಟಿಬಿ ಸಿಗುತ್ತದೆ, ಒಂದು ಡಿಸ್ಕ್ ಹೋದರೂ ಡೇಟಾ ಉಳಿಯುತ್ತದೆ. ಇದನ್ನೇ ಬ್ಯಾಕಪ್ ಅಂತ ಹೇಳಿ ಮಾರುವವರಿದ್ದಾರೆ, ನೀವು ಹಾಗೆ ಮಾಡಬೇಡಿ. ಹುಡುಗ ತಪ್ಪಾಗಿ ಫೋಲ್ಡರ್ ಡಿಲೀಟ್ ಮಾಡಿದರೆ ನಾಲ್ಕೂ ಡಿಸ್ಕಿನಿಂದ ಒಟ್ಟಿಗೇ ಹೋಗುತ್ತದೆ. ಫೈಲ್‌ಗಳನ್ನು ಲಾಕ್ ಮಾಡಿ ದುಡ್ಡು ಕೇಳುವ ರಾನ್ಸಮ್‌ವೇರ್ ವೈರಸ್ ಬಂದರೂ ಅಷ್ಟೇ. ಎರಡನೇ ಕಾಪಿ ಬೇರೆ ಡಿಸ್ಕಿನಲ್ಲಿ, ಸಾಧ್ಯವಾದರೆ ಬೇರೆ ಕಟ್ಟಡದಲ್ಲಿ ಇರಬೇಕು.

ಇಲ್ಲೇ ಕ್ಲೌಡ್ ಮಾತು ಬರುತ್ತದೆ. 100 ಎಂಬಿಪಿಎಸ್ ಲೈನಿನಲ್ಲಿ 4 ಟಿಬಿ ಕಳಿಸಬೇಕು ಅಂದರೆ, ಲೈನ್ ಒಂದು ಕ್ಷಣವೂ ನಿಲ್ಲದಿದ್ದರೂ ಮೂರೂವರೆ ದಿನದ ಮೇಲೆ ಬೇಕು. ನಮ್ಮ ಕಡೆ ಲೈನ್ ಎಷ್ಟು ಸಲ ನಿಲ್ಲುತ್ತೆ ಅಂತ ನಿಮಗೆ ಗೊತ್ತೇ ಇದೆ. ಅದೇ 4 ಟಿಬಿ ಆಫೀಸಿನ ಗಿಗಾಬಿಟ್ ಸ್ವಿಚ್ (ಕಂಪ್ಯೂಟರ್‌ಗಳನ್ನು ಜೋಡಿಸುವ ಬಾಕ್ಸ್) ಮೇಲೆ ಹತ್ತು ಗಂಟೆಯಲ್ಲಿ ಕಾಪಿ ಆಗುತ್ತದೆ, ರಾತ್ರಿ ಹಚ್ಚಿ ಹೋದರೆ ಬೆಳಿಗ್ಗೆಗೆ ಮುಗಿದಿರುತ್ತದೆ. ಹಾಗಾಗಿ ವಿಡಿಯೋ ಊರಲ್ಲೇ ಇರುತ್ತದೆ. ಟ್ಯಾಲಿ (ಲೆಕ್ಕ ಬರೆಯುವ ಸಾಫ್ಟ್‌ವೇರ್) ಡೇಟಾ, ಡಾಕ್ಯುಮೆಂಟ್ ಥರದ್ದು ಸಣ್ಣದು, ಅದನ್ನು ಧಾರಾಳವಾಗಿ ಕ್ಲೌಡಿಗೆ ಹಾಕಿ. ಯಾವುದು ಎಲ್ಲಿರಬೇಕು ಅಂತ ಹೇಳೋಕೆ ಆ ಊರಲ್ಲಿ ಒಬ್ಬರು ಬೇಕಲ್ವಾ, ಅದು ನೀವು.

ಟ್ಯಾಲಿ ಅಂದೆನಲ್ಲ, ಸಿಎ ಆಫೀಸುಗಳನ್ನು ಬಿಡಬೇಡಿ. ಅಲ್ಲಿ ಡೇಟಾ ದೊಡ್ಡದಿಲ್ಲ, ಆದರೆ ಅಳಿಸುವ ಹಾಗಿಲ್ಲ. ಕಂಪನಿಗಳು 8 ವರ್ಷದ ಲೆಕ್ಕಪತ್ರ ಇಟ್ಟಿರಬೇಕು. ಜಿಎಸ್‌ಟಿ ದಾಖಲೆಗೆ ವಾರ್ಷಿಕ ರಿಟರ್ನ್ ಗಡುವಿನಿಂದ 72 ತಿಂಗಳು. ಕಂಪನಿಗಳ ಎಲೆಕ್ಟ್ರಾನಿಕ್ ಲೆಕ್ಕಪತ್ರದ ಬ್ಯಾಕಪ್ ಭಾರತದಲ್ಲೇ ಇರುವ ಸರ್ವರ್‌ನಲ್ಲಿ ದಿನಾ ಆಗಬೇಕು ಅಂತ 2022ರಲ್ಲಿ ನಿಯಮ ಬಿಗಿ ಮಾಡಿದರು. ಈಗಲೂ ಹಲವು ಕಡೆ ಬ್ಯಾಕಪ್ ಅಂದರೆ ಸರ್ವರ್ ಹಿಂದೆ ಚುಚ್ಚಿಟ್ಟ ಪೆನ್ ಡ್ರೈವ್. ಅದನ್ನು ಯಾವಾಗಲೂ ಚುಚ್ಚಿಯೇ ಇಟ್ಟರೆ ವೈರಸ್ ಸರ್ವರನ್ನು ಲಾಕ್ ಮಾಡುವಾಗ ಅದನ್ನೂ ಬಿಡುವುದಿಲ್ಲ.

ಸ್ಕ್ಯಾನ್ ಸೆಂಟರ್‌ಗಳಲ್ಲಿ ಡೇಟಾ ಚೆನ್ನಾಗಿ ಬೆಳೆಯುತ್ತದೆ ನಿಜ. ಸಿಟಿ ಸ್ಕ್ಯಾನ್‌ನ ಒಂದು ಚಿತ್ರ ಅರ್ಧ ಎಂಬಿ, ಒಬ್ಬ ರೋಗಿಗೆ ನೂರಾರು ಚಿತ್ರ. ಆದರೆ ಅಲ್ಲಿ ಮಷಿನ್ ಕಂಪನಿಯವರು, ಸಾಫ್ಟ್‌ವೇರ್‌ನವರು ಮೊದಲೇ ಕೂತಿರುತ್ತಾರೆ, ರೋಗಿಯ ಮಾಹಿತಿಯ ಜವಾಬ್ದಾರಿ ಬೇರೆ. ಕೈ ಪಳಗಿದ ಮೇಲೆ ಹೋಗಿ. ಪೊಲೀಸ್ ಸ್ಟೇಷನ್ ಕ್ಯಾಮೆರಾಗಳಿಗೆ 18 ತಿಂಗಳ ರೆಕಾರ್ಡಿಂಗ್ ಇರಬೇಕು ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಅದು ಟೆಂಡರ್ ವ್ಯವಹಾರ. ಬಿಲ್ ಪಾಸ್ ಆಗುವವರೆಗೆ ಬಂಡವಾಳ ಕಟ್ಟಿ ಕೂರುವ ಶಕ್ತಿ ಇದ್ದವರಿಗೆ ಸರಿ.

ಇನ್ನು ಕೊಟೇಶನ್. ಬಾಕ್ಸ್, ಡಿಸ್ಕ್‌ಗಳ ಮೇಲೆ ಲಾಭ ಇಡಲು ಹೋಗಬೇಡಿ, ಆನ್‌ಲೈನ್ ರೇಟಿಗೆ ಹತ್ತಿರವೇ ಹಾಕಿ. ಇನ್‌ಸ್ಟಾಲೇಶನ್ ಬೇರೆ ಸಾಲು, ವರ್ಷದ ಎಎಂಸಿ (ನಿರ್ವಹಣೆಯ ಒಪ್ಪಂದ) ಬೇರೆ ಸಾಲು. ಎಎಂಸಿಯಲ್ಲಿ ಮೂರು ತಿಂಗಳಿಗೊಮ್ಮೆ ಒಂದಿಷ್ಟು ಫೈಲ್ ಬ್ಯಾಕಪ್‌ನಿಂದ ವಾಪಸ್ ತಂದು (ರಿಸ್ಟೋರ್ ಮಾಡಿ) ತೋರಿಸುತ್ತೇವೆ ಅಂತ ಸೇರಿಸಿ. ತೋರಿಸಿದ ದಿನ ಓನರ್ ಹತ್ತಿರ ಸಹಿ ಹಾಕಿಸಿಕೊಳ್ಳಿ. ಬ್ಯಾಕಪ್‌ಗೆ ಹಾಕಿದ ಬೀಗದ (ಎನ್‌ಕ್ರಿಪ್ಶನ್) ಪಾಸ್‌ವರ್ಡ್ ಕವರಿನಲ್ಲಿ ಹಾಕಿ ಅವರ ಬೀರುವಿನಲ್ಲೇ ಇಡಿಸಿ. ವಾರಂಟಿಯಲ್ಲಿ ಕಂಪನಿ ಹೊಸ ಡಿಸ್ಕ್ ಕೊಡುತ್ತದೆ, ಒಳಗಿದ್ದ ಡೇಟಾ ಕೊಡುವುದಿಲ್ಲ. ಇದನ್ನು ಕನ್ನಡದಲ್ಲೇ, ದಪ್ಪ ಅಕ್ಷರದಲ್ಲಿ ಕೊಟೇಶನ್ನಿನಲ್ಲಿ ಬರೆಯಿರಿ. ಕೆಟ್ಟ ಡಿಸ್ಕನ್ನು ವಾರಂಟಿಗೆ ಕಳಿಸುವ ಮುಂಚೆ ಅದರಲ್ಲಿ ಅವರ ಡೇಟಾ ಇನ್ನೂ ಇರಬಹುದು ಅಂತ ಹೇಳಿ ಒಪ್ಪಿಗೆ ತಗೊಳ್ಳಿ. ಕೆಲವು ಸಿಎಗಳು ಕಳಿಸೋದೇ ಬೇಡ, ಒಡೆದುಬಿಡಿ, ಹೊಸದಕ್ಕೆ ದುಡ್ಡು ಕೊಡ್ತೀವಿ ಅನ್ನುತ್ತಾರೆ.