ಏಡಿ, ಖಂಜಿರ, ಹಾರ್ಮೋನಿಯಂ: ರಿಪೇರಿ ಮೇಜಿನಿಂದ ಉತ್ತರ

(ಗೇಮ್ ಕಂಟ್ರೋಲರ್ ರಿಪೇರಿ ಮಾಡುವ ಬೆಂಗಳೂರಿನ ನಮ್ಮ ಅಂಕಣಕಾರರಿಗೆ ಈ ಸಲ ಬಂದ ಪತ್ರಗಳೆಲ್ಲ ಹಿಡಿತದ ಬಗ್ಗೆಯೇ.)

ಪ್ರಶ್ನೆ: ಒಂಬತ್ತನೇ ಕ್ಲಾಸಿನ ಮಗ ಬಲಗೈ ತೋರುಬೆರಳನ್ನು ಮಡಚಿ, ಏಡಿಯ ಹಾಗೆ ಕಂಟ್ರೋಲರ್ ಹಿಡಿಯುತ್ತಾನೆ. ನೋಡಿದರೆ ನನಗೇ ಕೈ ನೋಯುತ್ತದೆ. ಬಿಡಿಸಬೇಕಾ? – ಒಬ್ಬ ತಾಯಿ, ಹಾಸನ

ಉತ್ತರ: ನೀವು ಸರಿಯಾಗೇ ನೋಡಿದ್ದೀರಿ. ಹುಡುಗರು ಅದನ್ನು 'ಕ್ಲಾ' ಅನ್ನುತ್ತಾರೆ, ಏಡಿಯ ಕೊಂಡಿ ಅಂತಲೇ ಅರ್ಥ. ತಪ್ಪು ಮಗನದಲ್ಲ. ಕಂಟ್ರೋಲರ್ ಮಾಡಿದವರು ಬಲ ಹೆಬ್ಬೆರಳೊಂದಕ್ಕೇ ಎರಡು ಕೆಲಸ ಹಚ್ಚಿದ್ದಾರೆ. ಕಡ್ಡಿ (ಹುಡುಗರು 'ಸ್ಟಿಕ್' ಅನ್ನುವುದು) ತಿರುಗಿಸಿ ಸುತ್ತ ನೋಡಬೇಕು, ಗುಂಡಿಯನ್ನೂ ಒತ್ತಬೇಕು. ಅವನು ಎಲ್ಡನ್ ರಿಂಗ್ ಆಡುತ್ತಾನಾ ಕೇಳಿ. ಪ್ಲೇಸ್ಟೇಷನ್‌ನಲ್ಲಿ ಆ ಆಟದಲ್ಲಿ ಜೋರಾಗಿ ಓಡಬೇಕಾದರೆ ಸೊನ್ನೆ ಗುರುತಿನ ಗುಂಡಿಯನ್ನು ಒತ್ತಿಯೇ ಹಿಡಿದಿರಬೇಕು. ಓಡುತ್ತಲೇ ಹಿಂದೆ ಯಾರಾದರೂ ಅಟ್ಟಿಸಿಕೊಂಡು ಬಂದರಾ ಅಂತಲೂ ನೋಡಬೇಕು. ಹೆಬ್ಬೆರಳು ಒಂದೇ ಅಲ್ವಾ? ಅದಕ್ಕೆ ತೋರುಬೆರಳು ಮೇಲಿಂದ ಇಳಿದು ಸಹಾಯಕ್ಕೆ ಬರುತ್ತದೆ.

ಇದು ಹೊಸ ರೋಗವೇನಲ್ಲ. 2004ರಲ್ಲಿ ಬಂದ, ಕೈಯಲ್ಲೇ ಹಿಡಿದು ಆಡುವ ಪಿಎಸ್‌ಪಿಗೆ ಇದ್ದದ್ದು ಒಂದೇ ಕಡ್ಡಿ, ಅದೂ ಎಡಗಡೆ. ಮಾನ್ಸ್ಟರ್ ಹಂಟರ್ ಆಡುವವರು ಎಡ ಹೆಬ್ಬೆರಳಲ್ಲಿ ನಡೆದು, ಎಡ ತೋರುಬೆರಳು ಮಡಚಿ ಬಾಣದ ಗುಂಡಿಯಲ್ಲಿ ಕ್ಯಾಮೆರಾ ತಿರುಗಿಸುತ್ತಿದ್ದರು. ಫೋನಲ್ಲಿ ಬಿಜಿಎಂಐ ಆಡುವ ಹುಡುಗರ ನಾಲ್ಕು ಬೆರಳ ಹಿಡಿತವೂ ಇದರ ತಮ್ಮನೇ.

ಮೊನ್ನೆ ಒಬ್ಬ ಹುಡುಗ ಕಂಟ್ರೋಲರ್ ತಂದ. ಸೊನ್ನೆ ಗುಂಡಿಯ ಮೇಲೆ ಸಣ್ಣ ಸಣ್ಣ ಗೀರು. ಹೆಬ್ಬೆರಳಲ್ಲಿ ಒತ್ತಿದರೆ ಗುಂಡಿ ಜಿಡ್ಡಾಗುತ್ತದೆ, ಗೀರಾಗುವುದಿಲ್ಲ. ಅದು ಮಡಚಿದ ಬೆರಳಿನ ಉಗುರು. "ಏಡಿಯಾ?" ಅಂದೆ. ಕೈ ಹಿಂದಕ್ಕೆ ಅಡಗಿಸಿಕೊಂಡ.

ಮಗನಿಗೆ ಜೋಮು ಹಿಡಿದರೆ, ನೋವು ಬಂದರೆ ಆಟ ಅಲ್ಲಿಗೇ ನಿಲ್ಲಲಿ. ನೋವು ಉಳಿದರೆ ಡಾಕ್ಟರಿಗೆ ತೋರಿಸಿ, ನನಗಲ್ಲ. ಇಲ್ಲದಿದ್ದರೆ ಸೆಟ್ಟಿಂಗ್ಸ್‌ಗೆ ಹೋಗಿ ಓಡುವ ಗುಂಡಿಯನ್ನು ಬೇರೆ ಕಡೆ ಹಾಕಿಕೊಳ್ಳಲಿ. ಹಿಂಬದಿಯಲ್ಲೂ ಗುಂಡಿ ಇರುವ ಕಂಟ್ರೋಲರ್ ಬರುತ್ತವೆ. ಆದರೆ ಬೆಲೆ ಜಾಸ್ತಿ, ಮೊದಲು ಪುಕ್ಕಟೆ ದಾರಿ ನೋಡಿ.

ಪ್ರಶ್ನೆ: ಟೆಟ್ರಿಸ್ ಆಡುವವರು ಕಂಟ್ರೋಲರಿನ ಬೆನ್ನಿಗೆ ಬಡಿಯುವ ವಿಡಿಯೋ ನೋಡಿದೆ. ಗುಂಡಿ ಇರುವುದು ಮುಂದೆ. ಹಿಂದೆ ಯಾಕೆ ಬಡಿಯುತ್ತಾರೆ? – ಎಂಜಿನಿಯರಿಂಗ್ ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ನನಗೆ ಬಹಳ ಇಷ್ಟದ ಪ್ರಶ್ನೆ. ಅದು ಹಳೇ ನಿಂಟೆಂಡೊದ ಟೆಟ್ರಿಸ್, ಮೇಲಿಂದ ಬೀಳುವ ತುಂಡುಗಳನ್ನು ಪಕ್ಕಕ್ಕೆ ಸರಿಸಿ ಜೋಡಿಸುವ ಆಟ. 29ನೇ ಲೆವೆಲ್‌ಗೆ ಬಂದರೆ ತುಂಡು ಸೆಕೆಂಡಿಗೆ 60 ಸಾಲು ಇಳಿಯುತ್ತದೆ. ಇರುವುದೇ 20 ಸಾಲು. ಅಂದರೆ ಸೆಕೆಂಡಿನ ಮೂರನೇ ಒಂದು ಭಾಗದಲ್ಲಿ ಕತೆ ಮುಗಿಯಿತು. ಗುಂಡಿ ಒತ್ತಿ ಹಿಡಿದರೆ ತುಂಡು ಪಕ್ಕಕ್ಕೆ ಒಂದು ಮನೆ ಸರಿದು, ಸ್ವಲ್ಪ ಕಾದು, ಆಮೇಲೆ ಸೆಕೆಂಡಿಗೆ 10 ಮನೆ ಲೆಕ್ಕದಲ್ಲಿ ಹೋಗುತ್ತದೆ. ಗೋಡೆ ಮುಟ್ಟುವ ಮೊದಲೇ ನೆಲ ಮುಟ್ಟಿರುತ್ತದೆ. ಅದಕ್ಕೇ 29 ದಾಟಲಾಗದು ಅಂತ ಎಷ್ಟೋ ವರ್ಷ ನಂಬಿದ್ದರು.

ಕೆಲವರು ಹೆಬ್ಬೆರಳನ್ನೇ ನಡುಗಿಸಿ ಪಟಪಟ ಒತ್ತಿ ಗೆದ್ದರು. ಕೈ ಸೋಲುತ್ತಿತ್ತು. 2020ರಲ್ಲಿ ಚೀಝ್ ಎಂಬ ಅಡ್ಡಹೆಸರಿನ ಕ್ರಿಸ್ಟೋಫರ್ ಮಾರ್ಟಿನೆಝ್ ಲೆಕ್ಕವನ್ನೇ ತಿರುಗಿಸಿದರು. ಹೆಬ್ಬೆರಳು ಗುಂಡಿಯ ಮೇಲೆ ಸುಮ್ನೆ ತಾಗಿಕೊಂಡಿರುತ್ತದೆ, ಒತ್ತುವುದಿಲ್ಲ. ಇನ್ನೊಂದು ಕೈಯ ಬೆರಳುಗಳು ಒಂದರ ಹಿಂದೊಂದು ಬೆನ್ನಿಗೆ ಬಡಿಯುತ್ತವೆ. ಪ್ರತಿ ಬಡಿತಕ್ಕೂ ಇಡೀ ಕಂಟ್ರೋಲರ್ ಮುಂದಕ್ಕೆ ಬಂದು ಹೆಬ್ಬೆರಳಿಗೆ ಗುದ್ದುತ್ತದೆ. ಬೆರಳು ಗುಂಡಿಗೆ ಹೋಗುವುದಲ್ಲ, ಗುಂಡಿಯೇ ಬೆರಳಿಗೆ ಬರುವುದು! ಇದಕ್ಕೆ ರೋಲಿಂಗ್ ಅನ್ನುತ್ತಾರೆ. ಅಮೆರಿಕದ ಓಕ್ಲಹೋಮದ 13 ವರ್ಷದ ವಿಲ್ಲಿಸ್ ಗಿಬ್ಸನ್ 2023ರ ಡಿಸೆಂಬರ್‌ನಲ್ಲಿ ಹೀಗೇ ಬಡಿದು 157ನೇ ಲೆವೆಲ್ ಮುಟ್ಟಿದ. ಅಲ್ಲಿ ಆಟವೇ ಕಲ್ಲಾಗಿ ನಿಂತಿತು.

ಅಂಗಡಿಯಲ್ಲಿ ನಾನೂ ಹಳೇ ಪ್ಯಾಡಿನ ಬೆನ್ನಿಗೆ ಖಂಜಿರ ಬಾರಿಸಿ ನೋಡಿದೆ. ಸದ್ದು ಚೆನ್ನಾಗಿ ಬಂತು. ತುಂಡು ಎರಡು ಮನೆ ಸರಿಯಿತು.

ಪ್ರಶ್ನೆ: ಅಪಘಾತದ ನಂತರ ನನ್ನ ಬಲಗೈಗೆ ಹಿಡಿತವಿಲ್ಲ. ಇನ್ನು ಆಡಲು ಸಾಧ್ಯವಾ? – ಓದುಗ, ದಾವಣಗೆರೆ

ಉತ್ತರ: ಸಾಧ್ಯ. ಅಮೆರಿಕದ ಮೈಕ್ ಬೇಗಮ್ ಎಂಬವರಿಗೆ ಹುಟ್ಟಿನಿಂದಲೇ ಕೈಕಾಲು ಸ್ವಾಧೀನವಿರಲಿಲ್ಲ. ಮಾಮೂಲಿ ಕಂಟ್ರೋಲರನ್ನು ಬಾಯಿ, ಮುಖಕ್ಕೆ ಒತ್ತಿಕೊಂಡೇ ಸ್ಟ್ರೀಟ್ ಫೈಟರ್ ಪಂದ್ಯಗಳಲ್ಲಿ ಆಡಿದರು. ಮೈಕ್ರೋಸಾಫ್ಟ್ 2018ರಲ್ಲಿ ತಂದ ಎಕ್ಸ್‌ಬಾಕ್ಸ್ ಅಡಾಪ್ಟಿವ್ ಕಂಟ್ರೋಲರ್‌ಗೆ ಮೇಲೆ ಅಂಗೈಯಗಲದ ಎರಡು ಗುಂಡಿ, ಹಿಂದೆ ಹೆಡ್‌ಫೋನ್ ಪಿನ್ ಹೋಗುವಂಥ 19 ತೂತು. ಬೇಕಾದ ಕಡೆಗೆ ಬೇಕಾದ ಸ್ವಿಚ್ ಸಿಕ್ಕಿಸಿಕೊಳ್ಳಬಹುದು.

ಅದಕ್ಕೂ ಮೊದಲು ಕಡಿಮೆ ಖರ್ಚಿನದು ನೋಡಿ. ಎಕ್ಸ್‌ಬಾಕ್ಸ್‌ನಲ್ಲಿ ಕಂಟ್ರೋಲರ್ ಅಸಿಸ್ಟ್ (ಮೊದಲು ಕೋಪೈಲಟ್ ಅನ್ನುತ್ತಿದ್ದರು) ಅಂತ ಇದೆ, ಎರಡು ಕಂಟ್ರೋಲರ್ ಸೇರಿ ಒಂದೇ ಆಗುತ್ತವೆ. ಒಂದು ನಿಮ್ಮ ಎಡಗೈಯಲ್ಲಿ, ಇನ್ನೊಂದು ಪಾದದ ಹತ್ತಿರ. ನಾನು ಒಬ್ಬರಿಗೆ ಹಳೇ ಕಂಟ್ರೋಲರ್ ಬಿಚ್ಚಿ, ಗುಂಡಿಯ ಎರಡು ತುದಿಗೆ ತಂತಿ ಬೆಸುಗೆ ಹಾಕಿ, ಕಾಲಡಿಗೆ ಕಾಲಿಂಗ್ ಬೆಲ್ ಸ್ವಿಚ್ ಕೊಟ್ಟಿದ್ದೆ. ಚೆನ್ನಾಗಿ ನಡೆಯುತ್ತಿದೆ. ನೀವು ಯಾವ ಆಟ ಆಡುತ್ತೀರಿ, ಯಾವ ಬೆರಳು ಎಷ್ಟು ಆಡುತ್ತದೆ ಅಂತ ಬರೆದು ಕಳಿಸಿ. ಆಮೇಲೆ ಜೋಡಿಸೋಣ.

ಪ್ರಶ್ನೆ: ನನಗೆ 42. ಹಳೇ ಟಿವಿ ಗೇಮ್ ಪ್ಯಾಡನ್ನು ತೊಡೆ ಮೇಲಿಟ್ಟು ಎರಡು ಬೆರಳಲ್ಲಿ ಹಾರ್ಮೋನಿಯಂ ನುಡಿಸಿದ ಹಾಗೆ ಆಡುತ್ತೇನೆ. ಮಕ್ಕಳು ನಗುತ್ತಾರೆ. – ಓದುಗ, ಮೈಸೂರು

ಉತ್ತರ: ಗುಂಡು ಹಾರಿಸುವ ಆಟಕ್ಕೆ ಅದೇ ಒಳ್ಳೆಯದು, ಎರಡು ಬೆರಳು ಸರದಿ ಮೇಲೆ ಬೀಳುತ್ತವೆ. ಮಾರಿಯೋಗೆ ಮಾತ್ರ ಹೆಬ್ಬೆರಳೇ ಸರಿ. ತುದಿ ಓಡುವ ಗುಂಡಿಯ ಮೇಲೆ, ಗೆಣ್ಣು ಹಾರುವ ಗುಂಡಿಯ ಮೇಲೆ. ನಮ್ಮ ಮನೆಯಲ್ಲಿ ಎರಡನೇ ಪ್ಯಾಡಿನ ವೈರನ್ನು ಇಲಿ ಕಡಿದಿತ್ತು. ಹಾಗಾಗಿ ಒಂದೇ ಪ್ಯಾಡು, ಬಾಣದ ಕಡೆ ತಮ್ಮ, ಗುಂಡಿ ಕಡೆ ನಾನು. ಮಾರಿಯೋ ಎಷ್ಟು ಸಲ ಹೊಂಡಕ್ಕೆ ಬಿದ್ದನೋ ಅಷ್ಟೂ ಸಲ ತಪ್ಪು ತಮ್ಮನದೇ.