ರಕ್ತನಾಳದಲ್ಲಿ ಸುಣ್ಣ ಕಟ್ಟಿದರೆ ಮೂಳೆ ಗಟ್ಟಿಯೇ?

ಪ್ರಶ್ನೆ: ಅಮ್ಮನಿಗೆ 67 ವರ್ಷ. ಸೊಂಟ ನೋವು ಅಂತ ಎಕ್ಸ್‌ರೇ ತೆಗೆಸಿದೆವು. ಹೊಟ್ಟೆಯ ದೊಡ್ಡ ರಕ್ತನಾಳದಲ್ಲಿ ಕ್ಯಾಲ್ಸಿಯಂ ಕೂತಿದೆಯಂತೆ. ಹಾಗಾದರೆ ಮೂಳೆ ಗಟ್ಟಿ ಇರಬೇಕು ಅಲ್ವಾ? ಕ್ಯಾಲ್ಸಿಯಂ ಮಾತ್ರೆ ನಿಲ್ಲಿಸಬಹುದೇ?
- ಓದುಗರೊಬ್ಬರು, ಹಾಸನ

ಉತ್ತರ: ಇಲ್ಲಮ್ಮ, ಎಷ್ಟೋ ಸಲ ಇದು ಉಲ್ಟಾ. ಆ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿ, ಬೆನ್ನುಮೂಳೆಯ ಮುಂದೆ ಸೀಮೆಸುಣ್ಣದಲ್ಲಿ ಗೀಚಿದ ಹಾಗೆ ಬಿಳಿ ಗೆರೆ ಕಾಣುತ್ತದೆ. ಅದೇ ಮಹಾಪಧಮನಿಯ, ಅಂದರೆ ಆ ದೊಡ್ಡ ರಕ್ತನಾಳದ, ಗೋಡೆಯಲ್ಲಿ ಕೂತ ಕ್ಯಾಲ್ಸಿಯಂ. ಇಂಥ ಗೆರೆ ಇರುವ ವಯಸ್ಸಾದ ಹೆಂಗಸರಲ್ಲಿ ಸೊಂಟದ, ಬೆನ್ನಿನ ಮೂಳೆ ಮುರಿಯುವುದು ಜಾಸ್ತಿ ಅಂತ ಹಲವು ಅಧ್ಯಯನಗಳು ಹೇಳಿವೆ. ಮೂಳೆಯ ಕ್ಯಾಲ್ಸಿಯಂ ನೇರವಾಗಿ ಹೋಗಿ ನಾಳದಲ್ಲಿ ಕೂರುತ್ತದೆ ಅಂತ ಸುಮ್ನೆ ಹೇಳಿಬಿಡಲು ಆಗುವುದಿಲ್ಲ. ನಾಳದ ಗೋಡೆಯ ಕೆಲವು ಜೀವಕೋಶಗಳು ಮೂಳೆ ಕಟ್ಟುವ ಕೋಶಗಳ ಹಾಗೆ ವರ್ತಿಸಲು ಶುರು ಮಾಡುತ್ತವೆ. ಅತ್ತ ಮುಟ್ಟು ನಿಂತ ಮೇಲೆ ಮೂಳೆ ಸವೆಯುತ್ತಿರುತ್ತದೆ. ವಯಸ್ಸು, ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ, ಹೊಗೆಸೊಪ್ಪು ನಾಳಕ್ಕೂ ಮೂಳೆಗೂ ಕೆಟ್ಟದ್ದು.

ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಿ. ಅದರಲ್ಲಿ ಬರುವ ಟಿ-ಸ್ಕೋರ್ (ಆರೋಗ್ಯವಂತ ಯುವತಿಯರ ಮೂಳೆಗೆ ಹೋಲಿಸಿದ ಅಂಕ) ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಅದು ಆಸ್ಟಿಯೊಪೊರೋಸಿಸ್, ಅಂದರೆ ಮೂಳೆ ಸವೆದು ಟೊಳ್ಳಾಗುವ ಕಾಯಿಲೆ, ಅದಕ್ಕೆ ಬೇರೆ ಔಷಧಿಯೇ ಇದೆ. ಬಿಪಿ, ಶುಗರ್, ಕೊಲೆಸ್ಟ್ರಾಲ್, ಕಿಡ್ನಿ ಹೇಗಿದೆ ಅಂತ ತಿಳಿಸುವ ಕ್ರಿಯಾಟಿನಿನ್ ಕೂಡ ನೋಡಿಸಿ, ಯಾಕೆಂದರೆ ಆ ಬಿಳಿ ಗೆರೆ ಹೃದಯದ ವಿಷಯದಲ್ಲೂ ಎಚ್ಚರಿಕೆಯೇ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಊಟದಲ್ಲಿ ಎಷ್ಟು ಸಿಗುತ್ತದೆ ಅಂತ ಮೊದಲು ಲೆಕ್ಕ ಹಾಕಿ, ಕಮ್ಮಿ ಬಿದ್ದಷ್ಟಕ್ಕೆ ಮಾತ್ರೆ ಎಷ್ಟು ಬೇಕು ಅಂತ ಡಾಕ್ಟರ್ ಹತ್ತಿರ ಕೇಳಿ. ಇವತ್ತೇ ಮಾಡಬಹುದಾದ ಕೆಲಸ ಒಂದಿದೆ: ಬಚ್ಚಲಲ್ಲಿ ಜಾರದ ಮ್ಯಾಟ್ ಹಾಕಿ, ರಾತ್ರಿ ಅಮ್ಮ ಎದ್ದು ಹೋಗುವ ದಾರಿಗೆ ಒಂದು ಸಣ್ಣ ಬಲ್ಬು ಉರಿಸಿಡಿ.