ಓದುಗರ ಪ್ರಶ್ನೆ, ನಮ್ಮ ಉತ್ತರ: ವ್ಯಾಲ್ಯೂವರ್‌ಗೆ ರೊಕ್ಕ ಕೊಟ್ರ ರೇಟ್ ಏರ್ತದೇನ್ರಿ?

ಈ ಸಲ ಮನಿ-ಜಾಗಾದ ಪ್ರಶ್ನೆನೇ ಜಾಸ್ತಿ ಬಂದಾವ, ಅದ್ರಾಗೂ ಅರ್ಧಕ್ಕರ್ಧ ವ್ಯಾಲ್ಯೂವರ್‌ಗಳ (ಆಸ್ತಿ ನೋಡಿ ಕಿಮ್ಮತ್ತು ಬರದು ಕೊಡಾವರ) ಮ್ಯಾಲಿನ ಸಿಟ್ಟು. ನಾನೂ ಆ ಕೆಲಸ ಮಾಡಿದಾಂವ, ಅದಕ್ಕ ಒಂದಿಷ್ಟು ಬೈಗುಳ ನನಗೂ ತಾಕ್ಯಾವ, ಇರ್ಲಿ.

ಪ್ರಶ್ನೆ: ಸೇಡಂ ರೋಡ್ ಕಡಿ ಒಂದು ಮನಿ 54 ಲಕ್ಷಕ್ಕ ಮಾತಾಡಿ 2 ಲಕ್ಷ ಅಡ್ವಾನ್ಸ್ ಕೊಟ್ಟೀನ್ರಿ. ಬ್ಯಾಂಕಿನ ವ್ಯಾಲ್ಯೂವರ್ ಬಂದು ನೋಡಿ 41 ಲಕ್ಷ ಅಂತ ಬರ್ದಾರ. ಅವರಿಗೆ ಏನರೆ ಕೊಟ್ರ ರಿಪೋರ್ಟ್ ಬದ್ಲಿ ಆಗ್ತದ ಅಂತಾನ ಏಜೆಂಟ್. ಕೊಡ್ಲೇನು? (ಹೆಸ್ರು ಬ್ಯಾಡ ಅಂದವರು, ಕಲಬುರಗಿ)

ಉತ್ತರ: ಕೊಡಬ್ಯಾಡ್ರಿ. ಫೀಸ್ ನಿಮ್ಮ ಅಕೌಂಟಿಂದ ಹೋಗಿರಬೋದು, ಹಂಗಂತ ಅವರು ನಿಮ್ಮ ಕಡಿ ವಕೀಲರಲ್ಲ, ಖರೆ ಅಂದ್ರ ಬ್ಯಾಂಕಿನ ಕಡಿಯವರೂ ಅಲ್ಲ, ಇದ್ದದ್ದು ಇದ್ದಂಗ ಬರೀಬೇಕಾದವರು ಅಷ್ಟೇ. ಕಂಪನಿ ಕಾಯ್ದೆ 247ನೇ ಕಲಂ ಕೆಳಗ 2017ರಾಗ ರಿಜಿಸ್ಟರ್ಡ್ ವ್ಯಾಲ್ಯೂವರ್ ನಿಯಮ ಬಂದಾವ, ಅದರ ಜೋಡಿ ಒಂದು ನಡತೆ ಸಂಹಿತೆನೂ ಅದ: ಸಕ್ಸೆಸ್ ಫೀ (ಕೆಲಸ ಆದ್ರ ಇಷ್ಟು ಅನ್ನೋ ರೊಕ್ಕ) ತಗೋಬಾರ್ದು, ಬರದು ಕೊಟ್ಟ ಒಪ್ಪಂದದಾಗ ಇಲ್ದ ರೊಕ್ಕ ಮುಟ್ಟಬಾರ್ದು, ಕೈ ಕಟ್ಟಿಹಾಕೋ ಗಿಫ್ಟ್ ಬ್ಯಾಡ, ಗಿರಾಕಿಗೆ ಅನುಕೂಲ ಆಗೋ ರೇಟ್ ಬರ್ಕೊಡೋದಂತೂ ಬ್ಯಾಡೇ ಬ್ಯಾಡ. ಆ ನಿಯಮ ಕಂಪನಿ, ದಿವಾಳಿ ಕೇಸಿಗೆ ಅಂತ ಮಾಡಿದ್ದು ಖರೆ, ಹೋಮ್ ಲೋನಿಗೆ ಬ್ಯಾಂಕಿನವರು ತಮ್ಮದೇ ಪ್ಯಾನೆಲ್ ಇಟ್ಕೊಂಡಿರ್ತಾರ, ಆದ್ರ ಆರ್‌ಬಿಐ 2007ರಾಗೇ ಬ್ಯಾಂಕುಗಳಿಗೆ ಹೇಳಿಬಿಟ್ಟದ, ವ್ಯಾಲ್ಯೂವರ್‌ಗೆ ಆ ಆಸ್ತಿಯಾಗ ನೇರ ಆಗ್ಲಿ ಮರಿಯಾಗ ಆಗ್ಲಿ ಯಾವ ಹಿತಾನೂ ಇರಬಾರ್ದು ಅಂತ. ಮೋಸದಾಗ ಸಿಕ್ಕಿದ್ರ ಬ್ಯಾಂಕ್ ಆ ಹೆಸ್ರು ಬ್ಯಾಂಕುಗಳ ಸಂಘಕ್ಕ ಕಳಸ್ತದ, ಸಂಘ ಅದನ್ನ ಎಲ್ಲಾ ಬ್ಯಾಂಕಿಗೂ ಹಂಚ್ತದ, ಅಲ್ಲಿಗೆ ಆ ಮನುಷ್ಯಾನ ಧಂದೆ ಮುಗೀತು. ನಿಮ್ಮ ಲೋನಿನ ಫೈಲೂ ಅದ್ರ ಜೋಡಿ ಫ್ರಾಡ್ ಕೇಸಾಗಿ ಕುಂದರ್ತದ.

ನಾನು ಸೈಟಿಗೆ ಅಡ್ಡಾಡೋ ಕಾಲಕ್ಕ ಆಳಂದ ಕಡಿಯವರೊಬ್ಬರು ಜೀಪಿನಾಗ ಅರ್ಧ ಚೀಲ ತೊಗರಿಬ್ಯಾಳಿ ಇಟ್ಟು ಕಳಿಸಿದ್ರು. ತಿರುಗಿ ಒಯ್ದು ಕೊಟ್ಟು ಬಂದೆ, ಮನ್ಯಾಗ ಒಂದು ವಾರ ನನ್ನ ಜೋಡಿ ಮಾತಿಲ್ಲ.

ಈಗ ಲೆಕ್ಕ ನೋಡ್ರಿ. 30 ಲಕ್ಷದಿಂದ 75 ಲಕ್ಷದ ತನಕ ಲೋನ್ ಇದ್ರ ಬ್ಯಾಂಕ್ ಆಸ್ತಿ ಕಿಮ್ಮತ್ತಿನ 80 ಪರ್ಸೆಂಟ್‌ಕಿಂತ ಹೆಚ್ಚು ಕೊಡಂಗಿಲ್ಲ. 41 ಲಕ್ಷಕ್ಕ 32.8 ಲಕ್ಷ ಸಿಗ್ತದ, 54 ಅಂತ ಬರ್ಸಿದ್ರ 43.2. ಅಂದ್ರ ಏಜೆಂಟ್ ಹೇಳೋದು ಏನಪ್ಪಾ ಅಂದ್ರ 10.4 ಲಕ್ಷ ಜಾಸ್ತಿ ಸಾಲಾ ತಲಿಮ್ಯಾಲ ಹಾಕ್ಕೊಂಡು ಇಪ್ಪತ್ತು ವರ್ಷ ಬಡ್ಡಿ ಕಟ್ರಿ, ನನ್ನ ಕಮಿಷನ್ ಇವತ್ತೇ ಕೊಡ್ರಿ ಅಂತ. 41 ಯಾಕ ಬಂತು ಅನ್ನೋದನ್ನ ಮೊದ್ಲು ತಿಳ್ಕೊರಿ. ನಮ್ಮ ಕಡಿ ನಾಕು ಕಾರಣ ನಾನು ಬೇಕಾದಷ್ಟು ಸಲ ನೋಡೀನಿ: ಪ್ಲಾನ್ ಸ್ಯಾಂಕ್ಷನ್ ಕೆಳಗಿನ ಮನಿಗಷ್ಟೇ ಇದ್ದು ಮ್ಯಾಲಿನ ಫ್ಲೋರ್ ಹಂಗೇ ಏರ್ಸಿರ್ತಾರ, ಅದನ್ನ ಬ್ಯಾಂಕಿನ ಲೆಕ್ಕದಾಗ ಹಿಡಿಲಿಕ್ಕ ಬರಂಗಿಲ್ಲ; ಎರಿ ಭೂಮಿ ಮ್ಯಾಲ ಕಟ್ಟಿದ್ದು, ಪಾಯಾ ಆಳ ಹೋಗಿಲ್ಲ, ಗ್ವಾಡಿ ಬಿರುಕು ಬಿಟ್ಟದ; ಎನ್‌ಎ (ಹೊಲದ ಜಾಗಾ ಬ್ಯಾರೆ ಬಳಕಿಗೆ ಬದಲಾಯಿಸೋದು) ಆಗಿಲ್ಲ, ಇಲ್ಲಾ ಇ-ಖಾತಾ ಇಲ್ಲ; ಕಡೀಕ, ಅಕ್ಕಪಕ್ಕದ ಸೇಲ್ ಡೀಡ್‌ಗಳೆಲ್ಲಾ ಗೈಡೆನ್ಸ್ ವ್ಯಾಲ್ಯೂಗೇ (ರಿಜಿಸ್ಟ್ರಿಗೆ ಸರ್ಕಾರ ಇಟ್ಟ ರೇಟಿಗೇ) ಆಗಿರ್ತಾವ, ಮಿಕ್ಕಿದ್ದು ಕೈಯಾಗ ಕೊಟ್ಟಿರ್ತಾರ. ಕೈಯಾಗ ಕೊಟ್ಟದ್ದಕ್ಕ ಕಾಗದ ಇಲ್ಲ, ಕಾಗದ ಇಲ್ದಿದ್ರ ಅವರು ಏನು ನೋಡಿ ಬರೀಬೇಕು?

ರಿಪೋರ್ಟಿನಾಗ ಅಳತಿ ತಪ್ಪದ, ಮನಿ ವಯಸ್ಸು ತಪ್ಪದ ಅಂದ್ರ ಮ್ಯಾನೇಜರ್‌ಗೆ ಬರದು ಕೊಡ್ರಿ, ಇನ್ನೊಬ್ಬ ವ್ಯಾಲ್ಯೂವರ್ ಕಡಿಂದ ನೋಡಸ್ರಿ ಅಂತ ಕೇಳ್ರಿ, ಅದರಾಗ ತಪ್ಪೇನಿಲ್ಲ. ಹತ್ತಿರದ್ದು ಒಂದೆರಡು ಹೊಸ ರಿಜಿಸ್ಟರ್ಡ್ ಡೀಡ್ ಸಿಕ್ರ ಜೋಡಿ ಹಚ್ಚರಿ. ಅಳತಿ ವಯಸ್ಸು ಎಲ್ಲಾ ಸರಿ ಅದ ಅಂದ್ರ ಅದೇ ರಿಪೋರ್ಟ್ ಹಿಡ್ಕೊಂಡು ಮಾರಾವರ ಮುಂದ ಕುಂದ್ರಿ, ರೇಟ್ ಇಳಸ್ಲಿಕ್ಕ ಅದಕ್ಕಿಂತ ಛಲೋ ಹತ್ಯಾರ ಇಲ್ಲ.

ಪ್ರಶ್ನೆ: ಬೀದರ ಕೋಟೆ ಹತ್ರ ಅಪ್ಪ 1983ರಾಗ ತಗೊಂಡ ಹಳಿ ಮನಿ ಮಾರಿವಿ. ಮಾರಿದ ಲಾಭದ ತೆರಿಗಿ ಲೆಕ್ಕಕ್ಕ 2001ರ ರೇಟ್ ಬರ್ಸ್ಕೊಂಡ್ ಬರ್ರಿ ಅಂದಾರ ಆಡಿಟರ್. ಯಾರ ಕಡಿ ಬರ್ಸೋದು, ಜಾಸ್ತಿ ಹಾಕಿಸ್ಕೋಬೋದೇನು? (ಬೀದರ)

ಉತ್ತರ: ಕಂಡ ಕಂಡ ಎಂಜಿನಿಯರ್ ಸಹಿ ನಡ್ಯಂಗಿಲ್ಲ. ಸಂಪತ್ತು ತೆರಿಗೆ ಕಾಯ್ದೆ 34ಎಬಿ ಕೆಳಗ ರಿಜಿಸ್ಟರ್ ಆದವರ ಕಡಿ ಹೋಗ್ರಿ. ಆ ತೆರಿಗೆ 2015ರ ಬಜೆಟ್‌ನಾಗ ಹೋಯ್ತು, ರಿಜಿಸ್ಟ್ರೇಷನ್ ಮಾತ್ರ ಉಳೀತು, ಸರ್ಕಾರದ ಕೆಲಸ ಹಂಗೇ. ಜಾಸ್ತಿ ಹಾಕಿಸ್ಕೊಳೋ ಆಸೆ ಬಿಡ್ರಿ, 1-4-2001ರ ದಿನದ ಸ್ಟ್ಯಾಂಪ್ ಡ್ಯೂಟಿ ರೇಟ್ ಸಿಗ್ತದ ಅಂದ್ರ ಅದನ್ನ ದಾಟಿ ಹೋಗ್ಲಿಕ್ಕ ಬರಂಗಿಲ್ಲ, ಸಬ್ ರಿಜಿಸ್ಟ್ರಾರ್ ಆಫೀಸಿಂದ ಹಳಿ ಗೈಡೆನ್ಸ್ ರೇಟ್ ಮೊದ್ಲು ತೆಗಸ್ರಿ. ಇನ್ನೊಂದು, ಆ ತಾರೀಖಿನ ದಿನ ಮಂದಿಗೆ ಏನು ಗೊತ್ತಿತ್ತೋ ಅಷ್ಟನ್ನೇ ವ್ಯಾಲ್ಯೂವರ್ ಲೆಕ್ಕಕ್ಕ ಹಿಡೀಬೇಕು, ಆಮ್ಯಾಲ ಊರು ಬೆಳೀತು ಅಂತ ಈಗಿನ ರೇಟ್ ಹಿಂದಕ್ಕ ಎಳಿಬಾರ್ದು. ಕೋಟೆ ಪುರಾತತ್ವ ಇಲಾಖೆ ಸಂರಕ್ಷಿತ ಸ್ಮಾರಕ. 100 ಮೀಟರ್ ಒಳಗ ಹೊಸದು ಕಟ್ಟಂಗಿಲ್ಲ, ಅದರಾಚೆ 200 ಮೀಟರ್ ಪರ್ಮಿಷನ್ ಬೇಕು ಅನ್ನೋದು 2010ರಾಗ ಕಾಯ್ದೆಯೊಳಗೇ ಬಂತು, ಆದ್ರ 1992ರಿಂದ ನೋಟಿಫಿಕೇಶನ್‌ನಾಗ ಇದ್ದೇ ಇತ್ತು. ಅದಕ್ಕ ನಿಮ್ಮ ಮನಿ ಆ ಗೆರಿ ಒಳಗ ಇದ್ರ 2001ರ ಕಿಮ್ಮತ್ತಿನಾಗೂ ಅದರ ಪೆಟ್ಟು ಕಾಣ್ಬೇಕು. ರಿಪೋರ್ಟಿನಾಗ ಆ ಮಾತೇ ಇಲ್ಲ ಅಂದ್ರ ಬರದವರು ಜಾಗಾಕ್ಕೇ ಬಂದಿಲ್ಲ ಅಂತ ತಿಳ್ಕೊರಿ.

ಪ್ರಶ್ನೆ: ಸಿವಿಲ್ ಡಿಪ್ಲೊಮಾ ಮಾಡೀನಿ, ವ್ಯಾಲ್ಯೂವರ್ ಆಗ್ಬೋದೇನ್ರಿ? (ಶಹಾಪುರ, ಯಾದಗಿರಿ ಜಿಲ್ಲಾ)

ಉತ್ತರ: ಭೂಮಿ-ಕಟ್ಟಡದ ರಿಜಿಸ್ಟರ್ಡ್ ವ್ಯಾಲ್ಯೂವರ್ ಆಗ್ಲಿಕ್ಕ ಡಿಪ್ಲೊಮಾ ಸಾಲಂಗಿಲ್ಲಪ್ಪಾ. ಸಿವಿಲ್ ಡಿಗ್ರಿ, ಅದರ ಮ್ಯಾಲ ಐದು ವರ್ಷ ಅನುಭವ ಬೇಕು. ಮಾನ್ಯತೆ ಇದ್ದ ವ್ಯಾಲ್ಯೂವರ್ ಸಂಸ್ಥೆದಾಗ ಮೆಂಬರ್ ಆಗಿ 50 ತಾಸಿನ ಕೋರ್ಸ್, ಆಮ್ಯಾಲ ಪರೀಕ್ಷಾ, ಆಮ್ಯಾಲ ದಿವಾಳಿ ಮಂಡಳಿ ಐಬಿಬಿಐ ರಿಜಿಸ್ಟ್ರೇಷನ್ ಕೊಡ್ತದ. ಆದಮ್ಯಾಲಿನ ಜವಾಬ್ದಾರಿನೂ ಕೇಳಿಟ್ಕೊ: ಹಿಂದಿನ ಮೂರು ವರ್ಷ, ಮುಂದಿನ ಮೂರು ವರ್ಷ ನಿನ್ನ ಹಿತ ಇದ್ದ ಆಸ್ತಿ ಮುಟ್ಟಂಗಿಲ್ಲ, ಮಾವ ಪ್ಲಾಟಿನಾಗ ಪಾರ್ಟ್ನರ್ ಮಾಡ್ಕೊಂಡಿದ್ರ ಆ ಪ್ಲಾಟ್ ಬಿಟ್ಟೇಬಿಡು. ಕಾಗದ ಪತ್ರ ಕಮ್ಮಿ ಅಂದ್ರ ಮೂರು ವರ್ಷ ಕಾಯ್ದಿಡಬೇಕು. ಮೋಸ ಮಾಡೋ ಉದ್ದೇಶದಿಂದ ಬರ್ದದ್ದು ಅಂತ ಸಾಬೀತಾದ್ರ ಒಂದು ವರ್ಷದ ತನಕ ಜೈಲು, 1ರಿಂದ 5 ಲಕ್ಷ ದಂಡ, ಮ್ಯಾಲ ತಗೊಂಡ ಫೀಸ್ ವಾಪಸ್, ನಷ್ಟ ಆದವರಿಗೆ ಪರಿಹಾರ. ಮೊದ್ಲು ಡಿಗ್ರಿ ಮುಗಸು.

ಪ್ರಶ್ನೆ: ಸಾಲಾ ಕಟ್ಲಿಕ್ಕ ಆಗ್ಲಿಲ್ಲ, ಬ್ಯಾಂಕಿನವರು ಮನಿ ಹರಾಜಿಗೆ ಇಟ್ಟಾರ, ರೇಟ್ ಭಾಳ ಕಮ್ಮಿ ಹಾಕ್ಯಾರ. (ಚಿತ್ತಾಪುರ)

ಉತ್ತರ: ಸರ್ಫೇಸಿ (ಬ್ಯಾಂಕುಗಳ ಸಾಲ ವಸೂಲಿ ಕಾಯ್ದೆ) ನಿಯಮದ ಪ್ರಕಾರ ಅಪ್ರೂವ್ಡ್ ವ್ಯಾಲ್ಯೂವರ್ ರಿಪೋರ್ಟ್ ತಗೊಂಡೇ ರಿಸರ್ವ್ ಪ್ರೈಸ್ (ಹರಾಜಿನಾಗ ಅದಕ್ಕಿಂತ ಕೆಳಗ ಇಳೀಬಾರ್ದ ರೇಟ್) ಇಡಬೇಕು. ರಿಪೋರ್ಟ್ ಎಂದಿಂದು, ಯಾರು ಬಂದು ನೋಡ್ಯಾರ ಅಂತ ಬರವಣಿಗಿಯಾಗ ಕೇಳ್ರಿ. ಬ್ಯಾಂಕ್ ಕ್ರಮ ತಗೊಂಡ ದಿನದಿಂದ 45 ದಿನದಾಗ ಡಿಆರ್‌ಟಿಗೆ (ಸಾಲ ವಸೂಲಿ ನ್ಯಾಯಮಂಡಳಿಗೆ) ಹೋಗ್ಲಿಕ್ಕ ಅವಕಾಶ ಅದ, ಒಬ್ಬ ವಕೀಲರನ್ನ ಈ ವಾರನೇ ನೋಡ್ರಿ. ಒತ್ತಿ ಇಟ್ಟದ್ದು ಸಾಗುವಳಿ ಹೊಲ ಇದ್ರ ಸರ್ಫೇಸಿ ನಡ್ಯಂಗೇ ಇಲ್ಲ, ಅದನ್ನೂ ಅವರಿಗೆ ಹೇಳ್ರಿ.

ಪ್ರಶ್ನೆ: ದಕ್ಷಿಣ ದಿಕ್ಕಿನ ಬಾಗಲಾ ಅಂತ ವ್ಯಾಲ್ಯೂವರ್ ರೇಟ್ ಕಮ್ಮಿ ಮಾಡ್ಯಾರ, ಇದು ಯಾವ ಕಾಯ್ದೆದಾಗ ಅದ? (ಜೇವರ್ಗಿ ರೋಡ್, ಕಲಬುರಗಿ)

ಉತ್ತರ: ಯಾವ ಕಾಯ್ದೆದಾಗೂ ಇಲ್ಲ. ಆದ್ರ ನಿಮ್ಮ ಲೇಔಟಿನಾಗ ದಕ್ಷಿಣ ಬಾಗಲಾದ ಪ್ಲಾಟ್ ಖರೆನೇ ಕಮ್ಮಿಗೆ ಹೋಗ್ಯಾವ ಅಂದ್ರ ಅದು ಮಂದಿ ಮಾಡಿದ ರೇಟು, ಅವರು ಬರೀಬೇಕಾಗ್ತದ. ಅಂಥಾ ಎರಡು-ಮೂರು ಸೇಲ್ ತೋರಿಸ್ರಿ ಅಂತ ಕೇಳ್ರಿ. ತೋರಿಸಲಿಕ್ಕ ಆಗ್ಲಿಲ್ಲ ಅಂದ್ರ ಅವರು ವಾಸ್ತು ನೋಡಿ ಬರದಾರ, ಮಾರ್ಕೆಟ್ ನೋಡಿ ಅಲ್ಲ.